ಡ್ರೋನ್ ಹಿಡಿಯುವ ಕೈ ಯಾರದು?

ಕಳೆದ ಮದುವೆ ಸೀಸನ್‌ನಲ್ಲಿ ನನ್ನ ಬಲಗೈ ತೋರುಬೆರಳಿಗೆ ನಾಲ್ಕು ಹೊಲಿಗೆ ಬಿದ್ದವು. ಕಾಲೇಜಿನಲ್ಲಿ ಕೇಳಿದವರಿಗೆ ಬೈಕಿನ ಚೈನಿಗೆ ಸಿಕ್ಕಿಕೊಂಡಿತು ಎಂದೆ. ಮನೆಯಲ್ಲಿ ಅಮ್ಮಿಗೆ ಬಾಗಿಲ ಸಂದಿಗೆ ಸಿಕ್ಕಿತು ಎಂದೆ. ಎರಡೂ ಸುಳ್ಳು. ಬೆರಳು ಕೊಯ್ದದ್ದು ಡ್ರೋನಿನ ರೆಕ್ಕೆ. ಸುಳ್ಳು ಹೇಳಿದ್ದು ತಪ್ಪು ಎಂದು ಅಮ್ಮಿಯ ಹತ್ತಿರ ಒಪ್ಪಿಕೊಂಡಾಯಿತು. ಈಗ ನಿಮ್ಮ ಮುಂದೆ ಒಪ್ಪಿಕೊಳ್ಳಲು ಕಾರಣವಿದೆ. ಮುಂದಿನ ಸೀಸನ್ ಹತ್ತಿರ ಬರುತ್ತಿದೆ, ಆ ಡ್ರೋನಿನ ಕೆಳಗೆ ನಮ್ಮ ತರಗತಿಯ ಇನ್ನೊಬ್ಬ ನಿಲ್ಲುತ್ತಾನೆ.

ನಮ್ಮಲ್ಲಿ ಎಷ್ಟು ಹುಡುಗರು ಭಾನುವಾರ ಮತ್ತು ರಜೆಯಲ್ಲಿ ಸ್ಟುಡಿಯೊದವರ ಜೊತೆ ಮದುವೆ ಕೆಲಸಕ್ಕೆ ಹೋಗುತ್ತಾರೆ ಎಂಬುದು ಉಪನ್ಯಾಸಕರಿಗೆ ಗೊತ್ತಿಲ್ಲದಿರಬಹುದು, ನಮಗೆ ಗೊತ್ತು. ಲೈಟ್ ಹಿಡಿಯಬೇಕು, ವೈರ್ ಸುತ್ತಬೇಕು, ಬ್ಯಾಟರಿ ಚಾರ್ಜಿಗೆ ಹಾಕಬೇಕು, ಬ್ಯಾಗು ಕಾಯಬೇಕು. ನನಗೆ ದಿನಕ್ಕೆ ಐನೂರು ರೂಪಾಯಿ ಸಿಗುತ್ತಿತ್ತು, ಊಟ ಬೇರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನನ್ನ ಮೊದಲ ಪಿಯುಸಿ ಪುಸ್ತಕಗಳು ಬಂದದ್ದು ಈ ದುಡ್ಡಿನಲ್ಲೇ. ಆದರೆ ಈ ಕೆಲಸಗಳ ಪಟ್ಟಿಗೆ ಯಾರೂ ಹೇಳದೆ ಕೇಳದೆ ಒಂದು ಹೊಸ ಕೆಲಸ ಸೇರಿಕೊಂಡಿದೆ. ಡ್ರೋನನ್ನು ಅಂಗೈ ಮೇಲಿಟ್ಟು ಹಾರಿಸಿಕೊಡಬೇಕು, ವಾಪಸ್ ಬಂದಾಗ ಕೈಯಲ್ಲೇ ಹಿಡಿಯಬೇಕು.

ಅವತ್ತು ನಡೆದದ್ದು ಇಷ್ಟು. ಚಾಮರಾಜನಗರದಲ್ಲಿ ಒಂದು ವಲೀಮಾ. ಮಗ್ರಿಬ್‌ಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಶಾದಿ ಮಹಲಿನ ಅಂಗಳದಲ್ಲಿ ಜಲ್ಲಿ ಹರಡಿದ್ದರು, ಮಕ್ಕಳು ಓಡಾಡುತ್ತಿದ್ದರು. ಡ್ರೋನಿನ ಬ್ಯಾಟರಿ ಕೆಂಪಿಗೆ ಬಂದಿತ್ತು. ‘ಕೈ ಎತ್ತೋ, ಹಿಡ್ಕೊ, ಏನೂ ಆಗಲ್ಲ’ ಎಂದರು ಸ್ಟುಡಿಯೊ ಅಣ್ಣ. ಕೈ ಎತ್ತಿದೆ. ಡ್ರೋನ್ ಅಂಗೈ ಹತ್ತಿರ ಬಂದು ನಿಂತಿತು, ಮತ್ತೆ ಒಂದು ಗೇಣು ಮೇಲೆ ಹೋಯಿತು. ಇನ್ನೊಮ್ಮೆ ಬಂತು, ಇನ್ನೊಮ್ಮೆ ಹೋಯಿತು. ಸುತ್ತ ನಿಂತವರು ನಕ್ಕರು. ಮೂರನೇ ಸಲ ನಾನು ಎಗರಿ ಅದರ ಹೊಟ್ಟೆಗೆ ಕೈ ಹಾಕಿ ಕೆಳಕ್ಕೆ ಎಳೆದೆ. ಅದು ಒಂದು ಕಡೆ ವಾಲಿತು, ಚೀರಿದ ಹಾಗೆ ಸದ್ದು ಮಾಡಿತು. ನೋವು ತಿಳಿಯುವ ಮೊದಲು ಅಂಗಿಯ ಮೇಲೆ ರಕ್ತ ಕಂಡಿತು. ಅಣ್ಣ ಒಳ್ಳೆಯವರೇ. ಆಸ್ಪತ್ರೆಯ ಖರ್ಚು ಕೊಟ್ಟರು. ಆದರೆ ‘ಯಾರಿಗೂ ಹೇಳಬೇಡ’ ಎಂದೂ ಹೇಳಿದರು. ಎರಡು ವಾರ ಪೆನ್ನು ಹಿಡಿಯಲು ಆಗಲಿಲ್ಲ, ಒಂದು ಕಿರುಪರೀಕ್ಷೆ ತಪ್ಪಿತು.

ಕೈಯಿಂದ ಹಾರಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಕಾರಣಗಳಿವೆ. ಗುಂಡ್ಲುಪೇಟೆ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಅರಳಿದಾಗ ಕೇರಳದಿಂದಲೂ ಮೈಸೂರಿನಿಂದಲೂ ಜೋಡಿಗಳು ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ಎದೆಮಟ್ಟದ ಗಿಡಗಳ ನಡುವೆ ಡ್ರೋನ್ ಇಡಲು ಸಮತಟ್ಟು ಜಾಗ ಎಲ್ಲಿದೆ? ಬದುವಿನ ಮೇಲಿಟ್ಟರೆ ಹುಲ್ಲು ರೆಕ್ಕೆಗೆ ಸಿಗುತ್ತದೆ. ಉತ್ತ ಹೊಲದಲ್ಲಿಟ್ಟರೆ ರೆಕ್ಕೆಯ ಗಾಳಿಗೆ ಎದ್ದ ಮಣ್ಣು ಮೋಟಾರಿಗೂ ಲೆನ್ಸಿಗೂ ಹೋಗುತ್ತದೆ. ಸಣ್ಣ ಡ್ರೋನಿನ ಕ್ಯಾಮೆರಾ ನೆಲದಿಂದ ಬೆರಳಗಲ ಎತ್ತರದಲ್ಲಷ್ಟೇ ಇರುತ್ತದೆ, ಒಂದು ಕಲ್ಲು ತಾಗಿದರೂ ಸಾವಿರಾರು ರೂಪಾಯಿ ಖರ್ಚು. ಆರ್‌ಸಿಸಿ ಮನೆಯ ತಾರಸಿಯಿಂದ ಹಾರಿಸಿದರೆ ಒಳಗಿನ ಕಬ್ಬಿಣದ ಸರಳುಗಳು ಡ್ರೋನಿನ ದಿಕ್ಸೂಚಿಯನ್ನು ಗೊಂದಲಕ್ಕೆ ಕೆಡವುತ್ತವೆ. ಇಂಥ ಕಡೆ ಕೈಯೇ ಒಳ್ಳೆಯ ನೆಲ ಎಂದು ಅನುಭವಿಗಳು ಹೇಳುವುದರಲ್ಲಿ ಅರ್ಥವಿದೆ.

ಆದರೆ ಆ ಅನುಭವಿಗಳಿಗೆ ಗೊತ್ತಿರುವ ಒಂದು ವಿಷಯ ನಮಗೆ ಗೊತ್ತಿರುವುದಿಲ್ಲ. ಡ್ರೋನ್ ತಾನಾಗಿ ಕೆಳಗೆ ಬೀಳುವ ಚೆಂಡಲ್ಲ. ತನ್ನನ್ನು ಯಾರಾದರೂ ಅಲ್ಲಾಡಿಸಿದರೆ ಎದುರಿಸುವ ಯಂತ್ರ ಅದು. ಅದು ಗಾಳಿಯಲ್ಲಿ ನಿಂತಿರುವಾಗ ನಾಲ್ಕು ರೆಕ್ಕೆಗಳ ಒಟ್ಟು ತಳ್ಳುಬಲ ಅದರ ತೂಕಕ್ಕೆ ಸರಿಸಮ. ನಾವು ಕೆಳಕ್ಕೆ ಎಳೆದರೆ ಒಳಗಿನ ಕಂಪ್ಯೂಟರಿಗೆ ಅದು ನಮ್ಮ ಕೈ ಎಂದು ತಿಳಿಯುವುದಿಲ್ಲ, ಎತ್ತರ ಕಳೆದುಕೊಳ್ಳುತ್ತಿದ್ದೇನೆ ಎಂದುಕೊಂಡು ಮೋಟಾರುಗಳನ್ನು ಇನ್ನೂ ಜೋರಾಗಿ ಸುತ್ತಿಸುತ್ತದೆ. ಒಂದು ಕಡೆ ವಾಲಿಸಿದರೆ ನೇರವಾಗಲು ಆ ಕಡೆಯ ರೆಕ್ಕೆಗಳ ವೇಗ ಹೆಚ್ಚಿಸುತ್ತದೆ. ಅನೇಕ ಡ್ರೋನುಗಳ ಹೊಟ್ಟೆಯಲ್ಲಿ ನೆಲವನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಅಂಗೈ ಹತ್ತಿರ ಬಂದಾಗ ಅದು ನೆಲ ಹತ್ತಿರವಾಯಿತು ಎಂದು ಮೇಲಕ್ಕೆ ಸರಿಯುತ್ತದೆ. ಅವತ್ತು ನನ್ನ ಕೈಯಿಂದ ತಪ್ಪಿಸಿಕೊಂಡದ್ದು ಡ್ರೋನಿನ ಹಟವಲ್ಲ, ಅದಕ್ಕೆ ಕಲಿಸಿದ ಎಚ್ಚರಿಕೆ. ಇದು ಗೊತ್ತಿದ್ದರೆ ನಾನು ಎಗರುತ್ತಿರಲಿಲ್ಲ.

ಭೌತಶಾಸ್ತ್ರದವರು ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ರೆಕ್ಕೆಯ ನಡುವಿನಿಂದ ತುದಿಗೆ 6 ಸೆಂಟಿಮೀಟರ್ ಎಂದುಕೊಳ್ಳಿ. ನಿಮಿಷಕ್ಕೆ 10,000 ಸುತ್ತು ಎಂದುಕೊಳ್ಳಿ. ತುದಿಯ ವೇಗ ಸೆಕೆಂಡಿಗೆ ಸುಮಾರು 63 ಮೀಟರ್, ಅಂದರೆ ಗಂಟೆಗೆ 226 ಕಿಲೋಮೀಟರ್. ಅಷ್ಟು ವೇಗದಲ್ಲಿ ತೆಳುವಾದ ಪ್ಲಾಸ್ಟಿಕ್ಕಿನ ಅಂಚು ಬೆರಳಿಗೆ ಬಂದರೆ ಅದು ಪ್ಲಾಸ್ಟಿಕ್ ಎಂದು ಬೆರಳಿಗೆ ತಿಳಿಯುವುದಿಲ್ಲ.

‘ಅದು ಬರೀ 249 ಗ್ರಾಂ, ಆಟಿಕೆ ಇದ್ದ ಹಾಗೆ’ ಎನ್ನುವವರಿದ್ದಾರೆ. ನಮ್ಮ ದೇಶದ 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕಿಲೋವರೆಗಿನದು ಮೈಕ್ರೊ. ನ್ಯಾನೊಗೆ ನಿಯಮ ಸಡಿಲ, ಅದಕ್ಕೇ 249 ಗ್ರಾಂಗಳ ಡ್ರೋನಿಗೆ ಅಷ್ಟು ಬೇಡಿಕೆ. ತೂಕ ಕಡಿಮೆಯಾದರೆ ತಲೆಯ ಮೇಲೆ ಬಿದ್ದಾಗ ಪೆಟ್ಟು ಕಡಿಮೆ, ನಿಜ. ಆದರೆ ತಿರುಗುವ ರೆಕ್ಕೆಗೆ ಕೈ ಕೊಟ್ಟವನಿಗೆ ಆ ತೂಕದ ಲೆಕ್ಕದಿಂದ ಲಾಭವಿಲ್ಲ. ಗಾಯಕ ಎನ್ರಿಕೆ ಇಗ್ಲೇಸಿಯಸ್ 2015ರ ಮೇ ತಿಂಗಳಲ್ಲಿ ಮೆಕ್ಸಿಕೊದ ತಿಹುವಾನಾದಲ್ಲಿ ಹಾಡುತ್ತ ಹಾಡುತ್ತ ವೇದಿಕೆಗೆ ಬಂದ ಕ್ಯಾಮೆರಾ ಡ್ರೋನಿಗೆ ಕೈ ಹಾಕಿದರು. ಅವರ ಕಾರ್ಯಕ್ರಮಗಳಲ್ಲಿ ಅದು ಹೊಸದಲ್ಲ, ಡ್ರೋನ್ ಹಿಡಿದು ಜನರನ್ನು ಚಿತ್ರೀಕರಿಸುವುದು ಅವರ ವಾಡಿಕೆಯಾಗಿತ್ತು. ಅವತ್ತು ಮಾತ್ರ ಬೆರಳುಗಳು ಸೀಳಿದವು, ಆಮೇಲೆ ಶಸ್ತ್ರಚಿಕಿತ್ಸೆ ಬೇಕಾಯಿತು. ನೂರು ಸಲ ಸರಿಯಾಗಿ ಹಿಡಿದಿದ್ದೇನೆ ಎಂಬುದು ನೂರೊಂದನೇ ಸಲಕ್ಕೆ ಖಾತ್ರಿಯಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಡ್ರೋನ್ ಹಾರಿಸುವವನ ಬಗ್ಗೆ ನಿಯಮಗಳಿವೆ. 250 ಗ್ರಾಂ ಮೀರಿದ ಡ್ರೋನನ್ನು ಬಾಡಿಗೆ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಅದಕ್ಕೆ 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದಿರಬೇಕು. ನ್ಯಾನೊ ಬಿಟ್ಟು ಉಳಿದ ಡ್ರೋನಿಗೆ ಮೂರನೆಯವರ ವಿಮೆ ಇರಬೇಕು. ಅಪಘಾತವಾದರೆ 48 ಗಂಟೆಯೊಳಗೆ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ತಾಣದಲ್ಲಿ ವರದಿ ಮಾಡಬೇಕು. ಹಾರಿಸಲು 18 ವರ್ಷ ಬೇಕು ಎನ್ನುವ ಯಂತ್ರವನ್ನು ಹಿಡಿಯಲು ಮಾತ್ರ 16, 17 ವರ್ಷದ ನಾವು ನಿಲ್ಲುತ್ತೇವೆ. ಹಾರಿಸುವವನ ಕೈ ಹತ್ತಡಿ ದೂರದಲ್ಲಿ ರಿಮೋಟ್ ಮೇಲೆ ಕ್ಷೇಮವಾಗಿರುತ್ತದೆ. ‘ಯಾರಿಗೂ ಹೇಳಬೇಡ’ ಎಂಬ ಮಾತಿನಲ್ಲಿ ವಿಮೆಯೂ ವರದಿಯೂ ಮುಚ್ಚಿಹೋಗುತ್ತವೆ. ನನ್ನ ದೂರು ಇರುವುದು ಇಲ್ಲಿ. ಲಾಭ ಒಬ್ಬರದು, ಬೆರಳು ಇನ್ನೊಬ್ಬರದು.

ಆದ್ದರಿಂದ ನನ್ನ ಮೊದಲ ಸಲಹೆ ಸರಳ. ಕೈಯಲ್ಲಿ ಹಿಡಿಯಲೇಬೇಕಾದರೆ ರಿಮೋಟ್ ಇರುವವರೇ ಹಿಡಿಯಲಿ. ಸಣ್ಣ ಡ್ರೋನುಗಳಲ್ಲಿ ಇದು ಸಾಧ್ಯ. ಒಂದು ಕೈಯ ಹೆಬ್ಬೆರಳಿನಿಂದ ಕಡ್ಡಿಯನ್ನು ಕೆಳಕ್ಕೆ ಒತ್ತಿ, ಇನ್ನೊಂದು ಕೈಯಲ್ಲಿ ಹಿಡಿಯುವವರನ್ನು ನಾನೇ ನೋಡಿದ್ದೇನೆ. ತನ್ನ ಬೆರಳೇ ಪಣದಲ್ಲಿದ್ದಾಗ ಬ್ಯಾಟರಿ ಕೆಂಪಾಗುವವರೆಗೆ ಯಾರೂ ಹಾರಿಸುವುದಿಲ್ಲ, ಮಕ್ಕಳು ಸುತ್ತ ಓಡುವಾಗ ಇಳಿಸುವುದೂ ಇಲ್ಲ.

ಎರಡನೆಯದು, ಹೆಚ್ಚಿನ ಕಡೆ ಕೈಯೇ ಬೇಕಾಗಿಲ್ಲ. ಮಡಚುವ ಲ್ಯಾಂಡಿಂಗ್ ಪ್ಯಾಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದೂ ಇಲ್ಲದಿದ್ದರೆ ಒಂದು ಟಾರ್ಪಾಲಿನ ತುಂಡು ಹಾಸಿ ನಾಲ್ಕು ಮೂಲೆಗೆ ಇಟ್ಟಿಗೆ ಇಡಬಹುದು, ಒಂದು ಪ್ಲೈವುಡ್ ಹಲಗೆ ಇಡಬಹುದು. ಮದುವೆ ಆರ್ಡರಿಗೆ ಸಾವಿರಾರು ರೂಪಾಯಿ ಪಡೆಯುವವರಿಗೆ ಇದು ಭಾರವಲ್ಲ. ಅಂಗೈಯಿಂದಲೇ ಹಾರಬೇಕು ಎಂದಿದ್ದರೆ ಅದಕ್ಕಾಗಿಯೇ ಮಾಡಿದ ಡ್ರೋನುಗಳೂ ಬಂದಿವೆ. 2024ರಲ್ಲಿ ಬಂದ ಡಿಜೆಐ ನಿಯೊದ ತೂಕ 135 ಗ್ರಾಂ, ಅದರ ರೆಕ್ಕೆಗಳ ಸುತ್ತ ಪೂರ್ತಿ ಬೇಲಿ ಇದೆ. ಬೇಲಿ ಇಲ್ಲದ ಡ್ರೋನನ್ನು ಹಾಗೆ ಹಿಡಿಯುವುದು ಬೇರೆಯೇ ಮಾತು.

ಮೂರನೆಯದು, ಇಷ್ಟಾದರೂ ಹಿಡಿಯಲು ಒಪ್ಪಿಕೊಂಡವನಿಗೆ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ನಿಲ್ಲಬೇಡ. ಕೊರಳಲ್ಲಿ ಶಾಲು, ಐಡಿ ಕಾರ್ಡಿನ ದಾರ ನೇತಾಡುತ್ತಿದ್ದರೆ ತೆಗೆದಿಡು. ಗಾಳಿ ನಿನ್ನ ಬೆನ್ನಿಗೆ ಬೀಸುವ ಹಾಗೆ ನಿಲ್ಲು, ಆಗ ಜೋರು ಗಾಳಿ ಬಂದರೂ ಡ್ರೋನ್ ನಿನ್ನಿಂದ ದೂರ ಹೋಗುತ್ತದೆ. ಕೈಯನ್ನು ತಲೆಗಿಂತ ಮೇಲೆ ಪೂರ್ತಿ ಚಾಚು, ಮುಖ ಹಿಂದಿರಲಿ. ಡ್ರೋನ್ ಹತ್ತಿರ ಬರಲಿ, ನೀನು ಅದರ ಹತ್ತಿರ ಹೋಗಬೇಡ. ಹೊಟ್ಟೆಯ ಭಾಗವನ್ನು ಕೆಳಗಿನಿಂದ ಹಿಡಿ, ಎಳೆಯಬೇಡ, ವಾಲಿಸಬೇಡ. ಮೋಟಾರು ನಿಲ್ಲಿಸುವುದು ರಿಮೋಟಿನವರ ಕೆಲಸ. ರೆಕ್ಕೆಗಳು ಪೂರ್ತಿ ನಿಲ್ಲುವವರೆಗೆ ಕೈ ಇಳಿಸಬೇಡ. ಅದು ತಪ್ಪಿಸಿಕೊಂಡು ಮೇಲೆ ಹೋದರೆ ಹೋಗಲಿ, ಎರಡು ಹೆಜ್ಜೆ ಹಿಂದೆ ಸರಿ. ನೆಲಕ್ಕೆ ಬಿದ್ದು ಮುರಿದ ರೆಕ್ಕೆ ಅಂಗಡಿಯಲ್ಲಿ ಸಿಗುತ್ತದೆ.

ಗುಂಡ್ಲುಪೇಟೆಯ ಗೆಳೆಯರಿಗೆ ಇನ್ನೊಂದು ಮಾತು. ಮದ್ದೂರು, ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಿದ ಮೇಲೆ ಇರುವುದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಕಾರು ನಿಲ್ಲಿಸಿ, ಕಿಟಕಿಯಿಂದ ಕೈ ಚಾಚಿ ಹಾರಿಸಿ, ಯಾರಾದರೂ ನೋಡುವ ಮೊದಲೇ ಗಡಿಬಿಡಿಯಲ್ಲಿ ಹಿಡಿದು ಓಡುವ ಸಾಹಸಕ್ಕೆ ಕರೆದರೆ ಹೋಗಬೇಡಿ. ಕಾನೂನು, ಕಾಡುಪ್ರಾಣಿ, ಬೆರಳು, ಮೂರರ ಮೇಲೂ ಅಲ್ಲಿ ಒಟ್ಟಿಗೆ ಅಪಾಯ.

‘ಹೀಗೆಲ್ಲ ಷರತ್ತು ಹಾಕಿದರೆ ಮುಂದಿನ ವಾರ ಬೇರೆ ಹುಡುಗನನ್ನು ಕರೆಯುತ್ತಾರೆ’ ಎಂದು ನನ್ನ ಗೆಳೆಯ ಹೇಳಿದ. ಅವನ ಮಾತು ಸುಳ್ಳಲ್ಲ. ನನ್ನನ್ನೂ ಆ ಭಯವೇ ಸುಮ್ಮನಿರಿಸಿತ್ತು. ಒಬ್ಬ ಇಲ್ಲ ಎಂದರೆ ಅವನ ಕೆಲಸ ಹೋಗುತ್ತದೆ. ನಾವೆಲ್ಲ ಒಂದೇ ಮಾತು ಆಡಿದರೆ ಸ್ಟುಡಿಯೊದವರು ಪ್ಯಾಡ್ ತರುತ್ತಾರೆ. ಇದರಲ್ಲಿ ಕಾಲೇಜು ಕೂಡ ನಮ್ಮ ಜೊತೆ ನಿಲ್ಲಬೇಕು. ಭೌತಶಾಸ್ತ್ರ ವಿಭಾಗದವರು ಒಂದು ಶನಿವಾರ ಮಧ್ಯಾಹ್ನ ಊರಿನ ಸ್ಟುಡಿಯೊದವರನ್ನೂ ನಮ್ಮನ್ನೂ ಕೂರಿಸಿ ಡ್ರೋನ್ ಹೇಗೆ ಹಾರುತ್ತದೆ, ಹೇಗೆ ಇಳಿಯಬೇಕು ಎಂದು ತೋರಿಸಿದರೆ ಸಾಕು. ಮದುವೆ ಮನೆಯ ಹಿರಿಯರೂ ಡ್ರೋನ್ ಬೇಕು ಎಂದು ಹೇಳುವಾಗಲೇ ಅದು ಎಲ್ಲಿ ಇಳಿಯುತ್ತದೆ ಎಂದೂ ಕೇಳಲಿ. ಅಂಗಳದಲ್ಲಿ ಓಡಾಡುವುದು ಅವರ ಮಕ್ಕಳೇ.

ಒಂಬತ್ತನೇ ಶತಮಾನದಲ್ಲಿ ಕಾರ್ಡೋಬಾದ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. ಆದರೆ ಆ ಕಥೆಯ ಕೊನೆಯನ್ನು ಹೇಳುವವರು ಕಡಿಮೆ. 17ನೇ ಶತಮಾನದ ಚರಿತ್ರೆಕಾರ ಅಲ್ ಮಕ್ಕರಿ ಬರೆದಂತೆ, ಅವರು ಸ್ವಲ್ಪ ದೂರ ಹಾರಿದರು, ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತು. ಹಕ್ಕಿಗಳು ಇಳಿಯುವುದು ಬಾಲದ ಸಹಾಯದಿಂದ, ಇವರು ಬಾಲ ಮಾಡಿಕೊಂಡಿರಲಿಲ್ಲ. ಸಾವಿರ ವರ್ಷದ ಮೇಲೂ ನಾವು ಹಾರಿಸುವುದಕ್ಕೆ ದುಡ್ಡು ಹಾಕುತ್ತೇವೆ, ಇಳಿಸುವುದನ್ನು ಒಬ್ಬ ಹುಡುಗನ ಅಂಗೈಗೆ ಬಿಡುತ್ತೇವೆ.

ದೇಹ ಅಲ್ಲಾಹನು ನಮಗೆ ಕೊಟ್ಟ ಅಮಾನತ್ತು ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಹೊಲಿಗೆ ಬಿಚ್ಚಿದ ದಿನ ಅಮ್ಮಿ ನನ್ನ ಬೆರಳು ಹಿಡಿದು ಅದನ್ನೇ ಹೇಳಿದರು. ಗಾಯ ಮಾಗಿದೆ, ಆದರೆ ಬೆರಳ ತುದಿಯಲ್ಲಿ ಈಗಲೂ ಸ್ಪರ್ಶ ಅಷ್ಟಾಗಿ ತಿಳಿಯುವುದಿಲ್ಲ. ಗೆಳೆಯರೇ, ಮುಂದಿನ ಮದುವೆಯಲ್ಲಿ ಯಾರಾದರೂ ‘ಕೈ ಎತ್ತೋ’ ಎಂದರೆ, ಎತ್ತುವ ಮೊದಲು ಕೇಳಿ: ಪ್ಯಾಡ್ ಎಲ್ಲಿದೆ ಅಣ್ಣ?

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ