ಕಲಿತ ಮಾತು, ಹುಟ್ಟುವ ಮಾತು

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಲ್ಲಿ ನಾಟಕವೆಂದರೆ ಮಾತುಗಳನ್ನು ವಾರಗಟ್ಟಲೆ ಬಾಯಿಪಾಠ ಮಾಡುವುದು, ಹಾರ್ಮೋನಿಯಂ ಮಾಸ್ತರರು ಕಲಿಸಿದಂತೆ ಹಾಡುವುದು. ಮಾತು ಮರೆತರೆ ಪರದೆಯ ಮರೆಯಿಂದ ಒಬ್ಬರು ಎತ್ತಿಕೊಡುತ್ತಾರೆ.

ಕರಾವಳಿ, ಮಲೆನಾಡುಗಳ ತಾಳಮದ್ದಲೆಯ ಕ್ರಮ ಬೇರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯ ಮಾತ್ರ ಮೊದಲೇ ಬರೆದದ್ದು. ಮಾತನ್ನು ಅರ್ಥಧಾರಿಗಳು ಕುಳಿತಲ್ಲಿಯೇ ಕಟ್ಟಬೇಕು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟವದು. ಕಥೆ ನಡೆಸುವವನು ಹಾಕಿದ ದಾರಿಯಲ್ಲೇ ಆಟಗಾರರು ಸಾಗಬೇಕೆ, ಮನಬಂದತ್ತ ತಿರುಗಬಹುದೆ ಎಂಬ ವಾದ ಅಂಥ ಆಟಗಳನ್ನಾಡುವವರಲ್ಲಿ ಇಂದಿಗೂ ಇದೆ.

ಈ ವಾದಕ್ಕೆ ತಾಳಮದ್ದಲೆಯಲ್ಲಿ ಉತ್ತರವಿದೆಯೆಂದು ನನ್ನ ಅಭಿಪ್ರಾಯ. ವಾಲಿ ಸಾಯುವುದು ನಿಶ್ಚಿತ. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆಂದು ಅವನು ಕೇಳಿದಾಗ, ರಾಮನ ಅರ್ಥಧಾರಿ ಇಂದು ರಾತ್ರಿ ಏನು ಸಮಾಧಾನ ಹೇಳುವನೆಂಬುದು ನಿಶ್ಚಿತವಲ್ಲ. ಕೊನೆ ಗೊತ್ತಿದ್ದೂ ಜನ ನಿದ್ದೆಗೆಟ್ಟು ಕೇಳುವುದು ಅದಕ್ಕಾಗಿಯೇ. ಗೊತ್ತಾದ ದಾರಿಯಿಂದ ಆಟ ಕೆಡುವುದಿಲ್ಲ. ಮಾತೂ ಗೊತ್ತಾಗಿಬಿಟ್ಟರೆ ಕೆಡುತ್ತದೆ. ದಾರಿಯೇ ಇಲ್ಲದಿದ್ದರೆ ಅದು ಬರಿಯ ಹರಟೆಯಾದೀತು.

ಸಹಪಾಠಿಗಳೇ, ನೋಟ್ಸು ಉರುಹೊಡೆದು ಪರೀಕ್ಷೆ ಬರೆಯುವ ನಮಗೆ ಎದುರು ಪ್ರಶ್ನೆ ಬಂದರೆ ಬಾಯಿ ಕಟ್ಟುತ್ತದೆ. ಪಠ್ಯಕ್ರಮವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಮುಂದಿನ ಕಾಲೇಜು ವಾರ್ಷಿಕೋತ್ಸವದಲ್ಲಿ ನಾಟಕದ ಜೊತೆಗೆ ಒಂದು ತಾಳಮದ್ದಲೆಯನ್ನೂ ಇಡಬಹುದಲ್ಲವೇ? ಅಧ್ಯಾಪಕರು ವಾಲಿಯಾಗಿ ಕುಳಿತು ಪ್ರಶ್ನಿಸಲಿ. ರಾಮನಾಗಿ ಉತ್ತರಿಸಲು ನಾವು ಸಿದ್ಧರಾಗೋಣ.