ಫಾರಂನ ಆ ಒಂದು ಕಾಲಂ

ಕಳೆದ ವಾರ ಇಲ್ಲೇ ಮಾಯಕೊಂಡದಲ್ಲಿ, ನಮ್ಮ ಪಕ್ಕದ ಓಣಿಯ ತಾಯಿಯೊಬ್ಬರು ಇಂಗ್ಲಿಷ್ ಫಾರಂ ಹಿಡಿದು ಮನೆಗೆ ಬಂದರು. ಪಿಯುಸಿ ಮುಗಿಸಿದ ಮಗಳು, ಡಿಗ್ರಿ ಓದುವ ಅಣ್ಣನ ಜೊತೆ ಹಿಮಾಚಲದ ಕಸೋಲ್‌ಗೆ ಹೊರಟಿದ್ದಾಳೆ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನವರ ಸರ್ ಪಾಸ್ ಚಾರಣ ಶಿಬಿರ. "ಆಪಾ, ಕಾಯಿಲೆ ಕೇಳಿದ್ದಾರಲ್ಲ, ಅಲ್ಲಿ ಉಬ್ಬಸದ ವಿಷಯ ಬರೆಯಬೇಡಿ. ಬರೆದರೆ ಸೇರಿಸಿಕೊಳ್ಳೋದಿಲ್ಲ" ಎಂದರು.

ನಾನು ಪೆನ್ನು ಕೆಳಗಿಟ್ಟೆ.

ಸಹೋದರಿಯರೇ, ನಾಳೆ ನಿಮ್ಮ ಮಕ್ಕಳೂ ಇಂಥ ಫಾರಂ ತಂದಾರು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಸರ್ ಪಾಸ್ ಅದರ ಎರಡು ಪಟ್ಟಿಗೂ ಹೆಚ್ಚು, ಸುಮಾರು 4,200 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 40ರಷ್ಟು ಕಡಿಮೆ. ಅದಕ್ಕೇ ಮೊದಲ ದಿನಗಳು ಕಸೋಲ್‌ನಲ್ಲೇ ಕಳೆಯುತ್ತವೆ. ಬೆನ್ನಿಗೆ ಚೀಲ ಹೊರಿಸಿ ಸಣ್ಣ ಗುಡ್ಡ ಹತ್ತಿಸುತ್ತಾರೆ. ಮೇಲೆ ತಲೆನೋವು, ವಾಂತಿ, ನಿದ್ರೆಗೇಡು ಕಂಡರೆ ಕೂಡಲೇ ನಾಯಕರಿಗೆ ಹೇಳಬೇಕು. ಹೆಚ್ಚಾದರೆ ಕೆಳಗಿಳಿಯುವುದೇ ಔಷಧಿ.

ಊಟ ಸಸ್ಯಾಹಾರ, ಆದ್ದರಿಂದ ಹಲಾಲ್‌ನ ಚಿಂತೆಯಿಲ್ಲ. ತಟ್ಟೆಯನ್ನು ತಾವೇ ಮಂಜಿನಂಥ ನೀರಿನಲ್ಲಿ ತೊಳೆಯಬೇಕು. (ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಗಂಡುಮಕ್ಕಳನ್ನು ಇದೊಂದಕ್ಕಾದರೂ ಕಳುಹಿಸಬಹುದು.) ಹುಡುಗಿಯರ ಡೇರೆ ಬೇರೆ. ಮೇಲಿನ ಶಿಬಿರಗಳಲ್ಲಿ ಶೌಚಾಲಯವೆಂದರೆ ಒಂದು ಗುಂಡಿ, ಸುತ್ತ ಬಟ್ಟೆಯ ಮರೆ. ತಿಂಗಳ ದಿನಗಳ ಸಾಮಾನು ಇಲ್ಲಿಂದಲೇ ಒಯ್ಯಬೇಕು, ಬಳಸಿದ್ದನ್ನು ಕಟ್ಟಿಟ್ಟು ಕೆಳಗೆ ತರಬೇಕು. ಇದನ್ನು ಮಗಳಿಗೆ ನಾಚದೆ ಹೇಳಿ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗದು, ಉಣ್ಣೆ ಇರಲಿ. ಪಾಸ್ ದಾಟಿದ ಮೇಲೆ ಹಿಮದ ಮೇಲೆ ಕುಳಿತು ಜಾರುವುದಿದೆ, ಉದ್ದ ಕುರ್ತಾದೊಳಗೆ ಗಟ್ಟಿ ಪ್ಯಾಂಟ್ ಬೇಕು. ಪ್ರಯಾಣದಲ್ಲಿ ಕಸ್ರ್ ನಮಾಝ್ ಇದ್ದೇ ಇದೆ, ನೀರು ಮುಟ್ಟಿದರೆ ಅಪಾಯವೆನ್ನುವಂಥ ಚಳಿಗೆ ತಯಮ್ಮುಮ್ ಇದೆ. ಫೋನ್ ಕೆಲವು ದಿನ ಸಿಗದಿದ್ದರೆ ಗಾಬರಿಯಾಗಬೇಡಿ.

ಆದರೆ ಉಬ್ಬಸ? ತಣ್ಣನೆಯ ಒಣಗಾಳಿ, ಏರುದಾರಿ ಎರಡೂ ಅದನ್ನು ಕೆರಳಿಸುತ್ತವೆ. ಆಸ್ಪತ್ರೆ ಒಂದೆರಡು ದಿನದ ನಡಿಗೆಯಷ್ಟು ದೂರ. ಅವಳಿಗೆ ಉಬ್ಬಸವಿದೆಯೆಂದು ಗೊತ್ತಿಲ್ಲದ ನಾಯಕ, ಸುಸ್ತಾಗಿರಬೇಕೆಂದು ಇನ್ನಷ್ಟು ನಡೆಸಿಯಾನು. ಉಬ್ಬಸವಿದ್ದವರೆಲ್ಲ ಹೋಗಬಾರದೆಂದೇನೂ ಇಲ್ಲ. ಹತೋಟಿಯಲ್ಲಿದ್ದರೆ ಡಾಕ್ಟರು ಒಪ್ಪಲೂಬಹುದು. ಆಗ ಇನ್‌ಹೇಲರ್ ಚೀಲದ ತಳದಲ್ಲಲ್ಲ, ಜೇಬಿನಲ್ಲಿರಬೇಕು. ಇನ್ನೊಂದು ಅಣ್ಣನ ಬಳಿ.

ಇಷ್ಟು ಹೇಳಿ, ಆ ತಾಯಿಯ ಒಪ್ಪಿಗೆ ಪಡೆದೇ ಕಾಲಂನಲ್ಲಿ 'ಹೌದು' ಎಂದು ಬರೆದೆ. ಸೋಮವಾರ ಮೂವರೂ ದಾವಣಗೆರೆಗೆ ಹೋಗಿ ಡಾಕ್ಟರನ್ನು ಕಾಣುತ್ತಾರೆ. ಬೇಡವೆಂದರೆ ಈ ಸಲ ಅಣ್ಣ ಒಬ್ಬನೇ. ಮುಚ್ಚಿಡುವ ಉಪಾಯ ಮಗಳದ್ದೇ ಅಂತೆ. ನನ್ನೊಡನೆ ಅವಳಿನ್ನೂ ಮಾತು ಬಿಟ್ಟಿದ್ದಾಳೆ.