ಕೂತಲ್ಲೇ 80 ವ್ಯಾಟ್

ಮಧ್ಯಾಹ್ನ ಮೂರರ ಹೊತ್ತಿಗೆ ಆಫೀಸಿನಲ್ಲಿ ಅರ್ಧ ಜನ ‘ಚಾರ್ಜ್ ಖಾಲಿ’ ಅಂತ ಕಾಫಿ ಮಷಿನ್ ಮುಂದೆ ನಿಂತಿರ್ತಾರೆ. ನಿಜ ಹೇಳಬೇಕಂದ್ರೆ, ಆಗಲೂ ಅವರ ಮೈ ಸುಮಾರು 80 ವ್ಯಾಟ್ ಉತ್ಪಾದಿಸ್ತಾ ಇರುತ್ತೆ. ಹಳೇ ಸೀಲಿಂಗ್ ಫ್ಯಾನ್ ಒಂದು ಎಳೆಯೋದೂ ಹೆಚ್ಚುಕಮ್ಮಿ ಅಷ್ಟೇ.

ಇಷ್ಟೇನಾ ಅನ್ನಬೇಡಿ. ಸೂರ್ಯನ ಒಟ್ಟು ಶಕ್ತಿಯನ್ನು ಅವನ ತೂಕದಿಂದ ಭಾಗಿಸಿದರೆ ಕಿಲೋಗೆ ಬರೋದು 0.0002 ವ್ಯಾಟ್. 60 ಕಿಲೋ ತೂಗುವ ನಮಗೆ ಕಿಲೋಗೆ ಒಂದು ವ್ಯಾಟ್‌ಗಿಂತ ಜಾಸ್ತಿ! ಸೂರ್ಯ ಗೆಲ್ಲೋದು ಬರೀ ಗಾತ್ರದಲ್ಲಿ.

ಈ ಕೆಲಸ ನಡೆಯೋದು ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳಲ್ಲಿ. ತಿಂದ ಅನ್ನ ಮತ್ತು ಉಸಿರಾಡಿದ ಆಮ್ಲಜನಕದ ಬಲದಿಂದ ಅವು ಪ್ರೋಟಾನುಗಳನ್ನು ತೆಳ್ಳನೆಯ ಪೊರೆಯ ಆಚೆ ತಳ್ಳುತ್ತವೆ. ಅಣೆಕಟ್ಟಿನ ಹಿಂದೆ ನೀರು ತುಂಬಿಸಿದ ಹಾಗೆ. ಆ ಪ್ರೋಟಾನುಗಳು ವಾಪಸ್ ನುಗ್ಗುವಾಗ ಒಂದು ಪುಟಾಣಿ ಟರ್ಬೈನ್ ತಿರುಗುತ್ತೆ, ಎಟಿಪಿ ತಯಾರಾಗುತ್ತೆ. ಟರ್ಬೈನ್ ಅನ್ನೋದು ಉಪಮೆಯಲ್ಲ, ಆ ಪ್ರೋಟೀನು ನಿಜಕ್ಕೂ ಗಿರಗಿರ ಸುತ್ತುತ್ತೆ. 1961ರಲ್ಲಿ ಬ್ರಿಟನ್ನಿನ ಪೀಟರ್ ಮಿಚೆಲ್ ಈ ಅಣೆಕಟ್ಟಿನ ವಿಚಾರ ಮುಂದಿಟ್ಟಾಗ ಬಹಳ ವಿಜ್ಞಾನಿಗಳು ಒಪ್ಪಲಿಲ್ಲ. ಅವರು ಕಾರ್ನ್‌ವಾಲ್‌ನ ಹಳೇ ಬಂಗಲೆಯೊಂದನ್ನು ರಿಪೇರಿ ಮಾಡಿಸಿ, ಅಲ್ಲೇ ಲ್ಯಾಬ್ ಕಟ್ಟಿಕೊಂಡು ಕೆಲಸ ಮುಂದುವರಿಸಿದರು. 1978ರಲ್ಲಿ ನೊಬೆಲ್ ಬಂತು. (ವರ್ಕ್ ಫ್ರಮ್ ಹೋಮ್ ಅಂದ್ರೆ ಇದು!)

ಎಟಿಪಿಯನ್ನು ಕೂಡಿಡೋಕೆ ಆಗಲ್ಲ. ಯಾವ ಕ್ಷಣದಲ್ಲೂ ಮೈಯಲ್ಲಿ ಇರೋದು ಸ್ವಲ್ಪವೇ, ಆದರೆ ಅದನ್ನೇ ಮತ್ತೆ ಮತ್ತೆ ರೀಚಾರ್ಜ್ ಮಾಡಿ ದಿನಕ್ಕೆ ಹೆಚ್ಚುಕಮ್ಮಿ ನಮ್ಮ ತೂಕದಷ್ಟು ಎಟಿಪಿ ಬಳಸ್ತೀವಿ. ಅಂದ್ರೆ ಬೇಕಾದ ಹೊತ್ತಿಗೆ ಎಷ್ಟು ಬೇಗ ತಯಾರಿಸಬಲ್ಲಿರಿ ಅನ್ನೋದೇ ಪ್ರಶ್ನೆ. ಕಾಫಿ ಇದಕ್ಕೆ ಏನೂ ಸೇರಿಸಲ್ಲ. ಮಿದುಳಿಗೆ ಹೋಗೋ ‘ಸುಸ್ತಾಗಿದೆ’ ಅನ್ನೋ ಸಂದೇಶವನ್ನು ಕೆಫೀನ್ ಸ್ವಲ್ಪ ಹೊತ್ತು ತಡೆಯುತ್ತೆ, ಅಷ್ಟೇ.

ಕಾರ್ಖಾನೆ ದೊಡ್ಡದಾಗೋದು ಬೇರೆ ದಾರಿಯಲ್ಲಿ. 1967ರಲ್ಲಿ ಅಮೆರಿಕದ ಜಾನ್ ಹಾಲೊಸಿ ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಅವುಗಳ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯಗಳ ಸಾಮರ್ಥ್ಯ ಸುಮಾರು ಎರಡು ಪಟ್ಟಾಯಿತು. ಮನುಷ್ಯರಲ್ಲೂ ವ್ಯಾಯಾಮದಿಂದ ಅದು ಹೆಚ್ಚುತ್ತೆ, ಬಿಟ್ಟರೆ ಕೆಲವೇ ವಾರಗಳಲ್ಲಿ ಇಳಿಯೋಕೆ ಶುರುವಾಗುತ್ತೆ. ಮೈ ಲೆಕ್ಕಾಚಾರದಲ್ಲಿ ಜಿಪುಣ, ಬಳಸದ ಮಷಿನ್ನಿಗೆ ಬಾಡಿಗೆ ಕಟ್ಟಲ್ಲ.

ನಿಮ್ಮ ವ್ಯಾಟ್ ಅಳೀಬೇಕಾ? ಲಿಫ್ಟ್ ಬಿಟ್ಟು ಮೂರು ಮೀಟರ್ ಎತ್ತರದ ಒಂದು ಮಹಡಿಯನ್ನು 15 ಸೆಕೆಂಡಿನಲ್ಲಿ ಹತ್ತಿ. 60 ಕಿಲೋ ಇದ್ದರೆ, ಬರೀ ಮೈಯನ್ನು ಮೇಲೆತ್ತೋಕೇ ಸುಮಾರು 120 ವ್ಯಾಟ್. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚಂದ್ರೆ ಕಾಲುಭಾಗ ಮಾತ್ರ ಕೆಲಸಕ್ಕೆ ಬರುತ್ತೆ, ಉಳಿದದ್ದು ಬಿಸಿ. ಹಾಗಾಗಿ ಒಳಗಿನ ಖರ್ಚು 500 ವ್ಯಾಟ್ ಹತ್ತಿರ. ನಿಮ್ಮ ಅಡುಗೆಮನೆ ಮಿಕ್ಸಿಯಷ್ಟು.